ಸಿಂಗಪುರ: ಎಣಿಸಿ ಇಟ್ಟ ನೆರೆಹೊರೆ

ವಾಟರ್‌ಲೂ ಬೀದಿಯ ಕೃಷ್ಣನ ಗುಡಿಯ ಮುಂದೆ ಚಪ್ಪಲಿ ಬಿಡುತ್ತಿದ್ದೆ. ಪಕ್ಕದಲ್ಲಿ ಚೀನೀ ಅಜ್ಜಿಯೊಬ್ಬರು ಊದುಬತ್ತಿಗಳನ್ನು ಹಣೆಯ ಮಟ್ಟಕ್ಕೆ ಎತ್ತಿ ಹಿಡಿದು ಕಣ್ಣು ಮುಚ್ಚಿ ನಿಂತಿದ್ದರು. ಸಮೀಪದಲ್ಲೇ ಇರುವ ಕ್ವಾನ್ ಇಮ್ ದೇವಾಲಯಕ್ಕೆ ಬಂದವರು ಹಾಗೆಯೇ ಕೃಷ್ಣನಿಗೂ ಒಂದು ನಮಸ್ಕಾರ ಹಾಕಿ ಹೋಗುವುದು ಇಲ್ಲಿಯ ವಾಡಿಕೆ. ಅದೇ ಬೀದಿಯಲ್ಲಿ 1878ರಲ್ಲಿ ಕಟ್ಟಿದ ಯೆಹೂದಿಗಳ ಪ್ರಾರ್ಥನಾ ಮಂದಿರವೂ ಇದೆ. ಸಿಂಗಪುರ ಬಂದವರಿಗೆ ತೋರಿಸಲು ಇಷ್ಟಪಡುವ ಚಿತ್ರ ಇದೇ, ಮತ್ತು ಅದು ಸುಳ್ಳಲ್ಲ. ನಾನೂ ಒಂದು ಫೋಟೋ ತೆಗೆದುಕೊಂಡೆ.

ಉಳಿದುಕೊಂಡದ್ದು ಚಿಕ್ಕಪ್ಪನ ಮಗನ ಮನೆಯಲ್ಲಿ. ನನಗಿಂತ ದೊಡ್ಡವನು, ಹಾಗಾಗಿ ಅಣ್ಣ. ಮೊದಲ ರಾತ್ರಿಯೇ ತನ್ನ ಗುರುತಿನ ಚೀಟಿ ತೋರಿಸಿದ. ಕಾಯಂ ನಿವಾಸಿಗಳದ್ದು ನೀಲಿ ಬಣ್ಣದ್ದು. ಹೆಸರಿನ ಕೆಳಗೆ ‘ಜನಾಂಗ’ ಎಂಬ ಸಾಲು, ಅದರಲ್ಲಿ ‘ಇಂಡಿಯನ್’ ಎಂಬ ಒಂದೇ ಪದ. ಚೀನೀ, ಮಲಯ್, ಇಂಡಿಯನ್, ಇತರರು: ಇಡೀ ದೇಶ ಈ ನಾಲ್ಕು ಡಬ್ಬಿಗಳಲ್ಲಿ ಕೂರುತ್ತದೆ. ನೂರಕ್ಕೆ ಸುಮಾರು 74 ಮಂದಿ ಮೊದಲನೆಯ ಡಬ್ಬಿಯವರು. ತಂದೆ ಚೀನೀ, ತಾಯಿ ಇಂಡಿಯನ್ ಆದರೆ? 2011ರಿಂದ ಎರಡನ್ನೂ ಅಡ್ಡಗೆರೆ ಹಾಕಿ ಬರೆಸಬಹುದು. ಆದರೆ ಮನೆ ಹಂಚಿಕೆಯ ಲೆಕ್ಕಕ್ಕೆ ಗೆರೆಗಿಂತ ಮೊದಲು ಬರೆದದ್ದು ಮಾತ್ರ ಸಲ್ಲುತ್ತದೆ. ಒಂದು ಸಣ್ಣ ಗೆರೆಯ ಯಾವ ಕಡೆಗೆ ಯಾರನ್ನು ಕೂರಿಸಬೇಕೆಂದು ಗಂಡ ಹೆಂಡತಿ ಕುಳಿತು ಯೋಚಿಸುವುದನ್ನು ಊಹಿಸಿಕೊಂಡು ನನಗೆ ನಗು ಬಂತು. ಅಣ್ಣ ನಗಲಿಲ್ಲ.

ನಗದಿರಲು ಅವನಿಗೆ ಕಾರಣವಿತ್ತು. ಇಲ್ಲಿಯ ಬಹುಪಾಲು ಜನ ಇರುವುದು ಸರ್ಕಾರದ ವಸತಿ ಮಂಡಳಿ ಕಟ್ಟಿದ ಫ್ಲ್ಯಾಟುಗಳಲ್ಲಿ. 1989ರಿಂದ ಪ್ರತಿ ಬ್ಲಾಕಿಗೂ ಪ್ರತಿ ಬಡಾವಣೆಗೂ ಜನಾಂಗವಾರು ಮಿತಿಯಿದೆ. ಒಂದು ಬ್ಲಾಕಿನಲ್ಲಿ ಚೀನೀಯರು ಶೇಕಡಾ 87ನ್ನು ಮೀರುವಂತಿಲ್ಲ, ಮಲಯ್ ಜನ ಶೇಕಡಾ 25ನ್ನು. ಅಣ್ಣನ ಬ್ಲಾಕಿನಲ್ಲಿ ಚೀನೀಯರ ಪಾಲು ಭರ್ತಿಯಾಗಿದೆ. ಅಂದರೆ ಅವನು ಮನೆ ಮಾರಬೇಕೆಂದರೆ ಚೀನೀಯರಿಗೆ ಮಾರುವಂತಿಲ್ಲ. ಊರಿನ ಮುಕ್ಕಾಲು ಪಾಲು ಗಿರಾಕಿಗಳು ಬಾಗಿಲಿಗೇ ಬರುವುದಿಲ್ಲ. ಎಂಟು ತಿಂಗಳಿಂದ ಮನೆ ಮಾರಾಟಕ್ಕಿದೆ. ಕೆಳಗಿನ ಮಹಡಿಯ ಚೀನೀ ನೆರೆಯವರು ಅಂಥದೇ ಮನೆಯನ್ನು ಆರು ವಾರದಲ್ಲಿ ಚೀನೀ ಕುಟುಂಬವೊಂದಕ್ಕೇ ಮಾರಿ ಹೋದರು. ಚೀನೀಯರು ಚೀನೀಯರಿಗೆ ಮಾರಿದರೆ ಲೆಕ್ಕ ಏರುಪೇರಾಗುವುದಿಲ್ಲವಲ್ಲ. “ಸೌಹಾರ್ದದ ಖರ್ಚು ನನ್ನ ಜೇಬಿನಿಂದ ಹೋಗುತ್ತಿದೆ” ಎಂದ.

ಆದರೂ ಈ ಲೆಕ್ಕವನ್ನು ಹಗುರವಾಗಿ ತಳ್ಳಿಹಾಕಲು ನನಗೆ ಮನಸ್ಸು ಬರಲಿಲ್ಲ. 1822ರಲ್ಲಿ ಬ್ರಿಟಿಷ್ ಅಧಿಕಾರಿ ರಾಫಲ್ಸ್ ಊರಿನ ನಕ್ಷೆ ಹಾಕಿಸುವಾಗಲೇ ಚೀನೀಯರಿಗೊಂದು ಕೇರಿ, ಚೂಲಿಯಾ ತಮಿಳರಿಗೊಂದು, ಅರಬರಿಗೊಂದು, ಬಿಳಿಯರಿಗೊಂದು ಎಂದು ಗೆರೆ ಎಳೆಸಿದ್ದ. ಆ ಗೆರೆಗಳ ಮೇಲೆಯೇ ಊರು ಬೆಳೆಯಿತು. 1964ರ ಜುಲೈ 21ರಂದು ಪ್ರವಾದಿ ಜಯಂತಿಯ ಮೆರವಣಿಗೆಯಲ್ಲಿ ಶುರುವಾದ ಚೀನೀ–ಮಲಯ್ ಗಲಭೆ ಮತ್ತು ಸೆಪ್ಟೆಂಬರಿನಲ್ಲಿ ಮರುಕಳಿಸಿದ ಗಲಭೆ ಸೇರಿ 36 ಮಂದಿಯನ್ನು ಬಲಿ ತೆಗೆದುಕೊಂಡವು. ಇನ್ನೊಮ್ಮೆ ಹಾಗಾಗಬಾರದೆಂದು ಹೆದರಿದ ಸರ್ಕಾರ ಜನರನ್ನು ಬೆರೆಸಿ ಕೂರಿಸಿತು. ಬೆರೆತದ್ದು ಕಣ್ಣಿಗೂ ಕಾಣುತ್ತದೆ. ಬ್ಲಾಕುಗಳ ಕೆಳಗೆ ಗೋಡೆಯಿಲ್ಲದ ಖಾಲಿ ಜಾಗ ಬಿಟ್ಟಿರುತ್ತಾರೆ, ವಾಯ್ಡ್ ಡೆಕ್ ಎನ್ನುತ್ತಾರೆ. ನಾನು ಬಂದ ವಾರ ಅಲ್ಲಿ ಬಿಳಿ ಬಟ್ಟೆಯ ಚೀನೀ ಕುಟುಂಬವೊಂದು ಶವದ ಪೆಟ್ಟಿಗೆಯ ಬಳಿ ಇರುಳೆಲ್ಲ ಎಚ್ಚರವಿತ್ತು. ಮುಂದಿನ ವಾರ ಅದೇ ಜಾಗದಲ್ಲಿ ಮಲಯ್ ಮದುವೆ, ಡೋಲಿನ ಸದ್ದು, ಇಡೀ ಬ್ಲಾಕಿಗೆ ಬಿರಿಯಾನಿಯ ಘಮ. ಯಾರೂ ಮೂಗು ಮುರಿದದ್ದನ್ನು ನಾನು ಕಾಣಲಿಲ್ಲ.

ಮೂಗಿನ ಮಾತು ಬಂದದ್ದು ಫೋನಿನಲ್ಲಿ. ಹೊಸ ಕೆಲಸಕ್ಕೆಂದು ಬಂದಿದ್ದ ಅತ್ತಿಗೆಯ ತಂಗಿ ಬಾಡಿಗೆಗೆ ಕೋಣೆ ಹುಡುಕುತ್ತಿದ್ದಳು. ಸರ್ಕಾರದ ಮಿತಿಗಳು ಮನೆ ಕೊಳ್ಳುವವರಿಗೆ. ಮನೆಯೊಳಗಿನ ಒಂದು ಕೋಣೆಯನ್ನು ಯಾರಿಗೆ ಕೊಡಬೇಕೆಂಬುದು ಮನೆಯವರ ಮರ್ಜಿ. ದಲ್ಲಾಳಿ ಬಹಳ ನಯವಾಗಿ ಮಾತಾಡಿದ. ಯಾವ ದೇಶದವರು? ಅಡುಗೆ ಮಾಡುತ್ತೀರಾ? “ಹಗುರವಾದ ಅಡುಗೆ, ಅದೂ ದಿನಾ ಇಲ್ಲ” ಎಂದಳು ಅವಳು, ಏನೋ ತಪ್ಪೊಪ್ಪಿಕೊಳ್ಳುವವಳಂತೆ. ಮನೆಯವರನ್ನು ಕೇಳಿ ಹೇಳುತ್ತೇನೆ ಎಂದವನು ಐದು ನಿಮಿಷದಲ್ಲಿ ಸಂದೇಶ ಕಳಿಸಿದ: ಕ್ಷಮಿಸಿ, ಅವರ ಆಯ್ಕೆ ಬೇರೆ ಇದೆ. ಕೊನೆಗೊಂದು ನಗುವ ಮುಖದ ಚಿತ್ರ. ಅದೇ ಸಂಜೆ ಇನ್ನಿಬ್ಬರದೂ ಅದೇ ಉತ್ತರ. “ಇಲ್ಲಿ ಯಾರೂ ಮುಖಕ್ಕೆ ಬೈಯುವುದಿಲ್ಲ. ಬೈದರೆ ಕೇಸಾಗುತ್ತದೆ” ಎಂದ ಅಣ್ಣ. ನಾಲ್ಕನೆಯ ಕರೆಗೆ ಅವಳು ದಲ್ಲಾಳಿ ಕೇಳುವ ಮೊದಲೇ “ನಾನು ಅಡುಗೆ ಮಾಡುವುದಿಲ್ಲ” ಎಂದಳು. ಅತ್ತಿಗೆ ಒಗ್ಗರಣೆ ಹಾಕಲು ಎತ್ತಿದ ಸೌಟನ್ನು ಹಾಗೆಯೇ ಹಿಡಿದು ನಿಂತಿದ್ದರು.

ಇಂಡಿಯನ್ ಎಂಬ ಡಬ್ಬಿಯೊಳಗೂ ಒಂದು ಕಥೆಯಿದೆ. ಇಲ್ಲಿಯ ನಾಲ್ಕು ಅಧಿಕೃತ ಭಾಷೆಗಳಲ್ಲಿ ತಮಿಳು ಒಂದು. ತಮಿಳರಲ್ಲದ ಇಂಡಿಯನ್ ಮಕ್ಕಳು ಶಾಲೆಯಲ್ಲಿ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದುಗಳಲ್ಲಿ ಒಂದನ್ನು ಮಾತೃಭಾಷೆಯಾಗಿ ಆರಿಸಿಕೊಳ್ಳಬಹುದು. ಕನ್ನಡ ಆ ಪಟ್ಟಿಯಲ್ಲಿಲ್ಲ. ಅಣ್ಣನ ಮಗನಿಗೆ ಶಾಲೆಯ ಪ್ರಕಾರ ಹಿಂದಿ ಮಾತೃಭಾಷೆ. ಮಾತೆಗೆ ಹಿಂದಿ ಅಷ್ಟಕ್ಕಷ್ಟೆ. ಎದುರು ಸಿಕ್ಕವರೆಲ್ಲ ನಮ್ಮನ್ನು ತಮಿಳರೆಂದೇ ತಿಳಿಯುತ್ತಾರೆ ಎಂದು ಅಣ್ಣ ದೂರಿದ. ಅವನ ದನಿಯಲ್ಲಿ ಇದ್ದದ್ದು ಭಾಷಾಭಿಮಾನ ಮಾತ್ರವಲ್ಲ ಎಂದು ನನಗೆ ಅನ್ನಿಸಿತಾದರೂ ಕೇಳಲಿಲ್ಲ.

ಭಾನುವಾರ ಲಿಟಲ್ ಇಂಡಿಯಾಕ್ಕೆ ಹೋಗುತ್ತೇನೆ ಎಂದೆ. “ಭಾನುವಾರ ಬೇಡ, ವಿಪರೀತ ಜನ. ಶನಿವಾರ ನಾನೇ ಕರೆದುಕೊಂಡು ಹೋಗುತ್ತೇನೆ.” ಜನವೆಂದರೆ ಯಾರೆಂದು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ವಿಮಾನ ನಿಲ್ದಾಣದಿಂದ ಬರುವಾಗ ಅವರನ್ನು ನೋಡಿದ್ದೆ: ಲಾರಿಯ ಹಿಂಭಾಗದಲ್ಲಿ ಸಾಲಾಗಿ ಕುಳಿತು ತೂಕಡಿಸುತ್ತಿದ್ದ ಕಟ್ಟಡ ಕೆಲಸದವರು. ಸರಕಿನ ವಾಹನದಲ್ಲಿ ಜನರನ್ನು ಸಾಗಿಸುವುದಕ್ಕೆ ಇಲ್ಲಿ ಕಾನೂನಿನ ತಡೆಯಿದೆ, ಕೆಲಸಗಾರರಿಗೆ ವಿನಾಯಿತಿ.

ನಾನು ಒಬ್ಬನೇ ಹೋದೆ. ಸೆರಂಗೂನ್ ರಸ್ತೆಯ ಅಕ್ಕಪಕ್ಕ ಎಲ್ಲಿ ನೋಡಿದರೂ ಗಂಡಸರು. ಹಲವರು ಇಸ್ತ್ರಿ ಮಾಡಿದ ಅಂಗಿಯಲ್ಲಿ, ವಾರದ ಒಂದೇ ರಜೆಯ ದಿನ. ಊರಿಗೆ ಹಣ ಕಳಿಸುವ ಸಾಲು, ಹುಲ್ಲಿನ ಮೇಲೆ ಕಾಗದ ಹಾಸಿ ಕುಳಿತ ಗುಂಪು, ವೀಡಿಯೊ ಕರೆಯಲ್ಲಿ ಮಗುವನ್ನು ನಗಿಸುತ್ತಿರುವ ಅಪ್ಪ. 2013ರ ಡಿಸೆಂಬರ್ 8ರ ರಾತ್ರಿ ತಮಿಳು ಕೆಲಸಗಾರನೊಬ್ಬ ಬಸ್ಸಿನಡಿ ಸಿಕ್ಕಿ ಸತ್ತಾಗ ಸುಮಾರು 300 ಮಂದಿ ರೊಚ್ಚಿಗೆದ್ದದ್ದು ಇಲ್ಲಿಯೇ. ಆಮೇಲೆ ಈ ಪ್ರದೇಶದಲ್ಲಿ ಮದ್ಯಕ್ಕೆ ಬಿಗಿ ನಿಯಮ ಬಂತು. ಈಗ ಅಲ್ಲಲ್ಲಿ ಕ್ಯಾಮೆರಾ, ಗಸ್ತು.

ಮೂಲೆಯೊಂದರಲ್ಲಿ ನಿಂತಿದ್ದಾಗ ಇಪ್ಪತ್ತೈದರ ಆಸುಪಾಸಿನ ಹುಡುಗನೊಬ್ಬ ಮೊಬೈಲ್ ಮುಂದೆ ಚಾಚಿದ. “ಅಣ್ಣೇ, ಒರು ಫೋಟೋ ಎಡುಂಗ.” ಊರಿಗೆ ಕಳಿಸಬೇಕಂತೆ. ನನಗೆ ತಮಿಳು ಬರುತ್ತದೆ; ಬಾಲ್ಯದ ಆರು ವರ್ಷ ತಮಿಳರ ಓಣಿಯಲ್ಲೇ ಆಡಿ ಬೆಳೆದವನು. ಆ ಹೊತ್ತಿಗೆ ಒಂದು ಚೀನೀ ಕುಟುಂಬ ನಮ್ಮಿಬ್ಬರನ್ನೂ ಬಳಸಿಕೊಂಡು ದಾಟಿ ಹೋಯಿತು. ನನ್ನ ಬಾಯಿಂದ ಬಂದದ್ದು ಇಂಗ್ಲಿಷು: ಕ್ಷಮಿಸಿ, ನನಗೆ ತಮಿಳು ಬರುವುದಿಲ್ಲ.

“ಸಾರಿ, ಸರ್” ಎಂದ ಅವನು. ಅಣ್ಣೇ ಎಂದವನು ಮರುಕ್ಷಣಕ್ಕೆ ಸರ್ ಎಂದಿದ್ದ. ಆಮೇಲೆ ಹರಕು ಇಂಗ್ಲಿಷಿನಲ್ಲಿ ಅದನ್ನೇ ಕೇಳಿದ. ನಾಲ್ಕು ಫೋಟೋ ತೆಗೆದುಕೊಟ್ಟೆ, ಒಂದಕ್ಕಿಂತ ಒಂದು ಜಾಗ್ರತೆಯಿಂದ, ಹಿಂದಿನ ಗೋಪುರವೂ ಬರುವಂತೆ. ಅವನು ನೋಡಿ ಖುಷಿಪಟ್ಟ. ಗೆಳೆಯರತ್ತ ತಿರುಗಿ ತಮಿಳಿನಲ್ಲಿ, ಯಾವುದೋ ದೊಡ್ಡ ಆಫೀಸಿನವರಿರಬೇಕು, ಒಳ್ಳೆಯ ಮನುಷ್ಯ, ಎಂದ. ಅರ್ಥವಾಗದವನಂತೆ ನಿಂತಿದ್ದೆ.

ರಾತ್ರಿ ಊಟಕ್ಕೆ ಕುಳಿತಾಗ ಅಣ್ಣ ಕೇಳಿದ, “ಜನ ಇದ್ದರೇ?”

“ಇದ್ದರು” ಎಂದೆ.