ಕನ್ನಡ ಬರೆಯುವಾಗ ನನಗೆ ಬಾಣದ ಕೀಲಿಗಳೇ ಬೇಕು

ಪ್ರೋಗ್ರಾಂ ಬರೆಯುವಾಗ ನಾನು ವಿಮ್ ಎಂಬ ಪಠ್ಯ ಸಂಪಾದಕ ತಂತ್ರಾಂಶವನ್ನು ಬಳಸುತ್ತೇನೆ. ಅಲ್ಲಿ ಕರ್ಸರನ್ನು ಎಡಕ್ಕೆ, ಕೆಳಕ್ಕೆ, ಮೇಲಕ್ಕೆ, ಬಲಕ್ಕೆ ಸರಿಸಲು ಎಚ್, ಜೆ, ಕೆ, ಎಲ್ ಕೀಲಿಗಳೇ ನನಗೆ ಹಿತ. ವಿಮ್‌ನ ಪೂರ್ವಜ ವಿಐ ಸಂಪಾದಕವನ್ನು ಬಿಲ್ ಜಾಯ್ 1970ರ ದಶಕದಲ್ಲಿ ಬರೆದಾಗ ಬಳಸುತ್ತಿದ್ದ ಎಡಿಎಂ-3ಎ ಟರ್ಮಿನಲ್‌ನಲ್ಲಿ ಬಾಣಗಳಿಗೆ ಬೇರೆ ಕೀಲಿಗಳೇ ಇರಲಿಲ್ಲ, ಅವು ಈ ನಾಲ್ಕು ಅಕ್ಷರಗಳ ಮೇಲೆಯೇ ಅಚ್ಚಾಗಿದ್ದವು. ಇಮ್ಯಾಕ್ಸ್ ಎಂಬ ಇನ್ನೊಂದು ಸಂಪಾದಕದವರು ಕರ್ಸರನ್ನು ಮುಂದೆ, ಹಿಂದೆ ಸರಿಸಲು ಬಳಸುವ ಕಂಟ್ರೋಲ್-ಎಫ್, ಕಂಟ್ರೋಲ್-ಬಿ ಪದ್ಧತಿಗೆ ನನ್ನ ಕಿರುಬೆರಳು ಒಪ್ಪಲಿಲ್ಲ, ಅಷ್ಟೇ.

ಆದರೆ ಕನ್ನಡದಲ್ಲಿ ಬರೆಯಲು ಕುಳಿತೊಡನೆ ಈ ಆಯ್ಕೆ ಬುಡಮೇಲಾಗುತ್ತದೆ. ಕೆ.ಪಿ. ರಾವ್ ಕೀಲಿಮಣೆ ವಿನ್ಯಾಸದಲ್ಲಿ ಕನ್ನಡ ಟೈಪ್ ಮಾಡುವವರು, ವಿಮ್‌ಗೆ ಆಜ್ಞೆ ಕೊಡಲೆಂದು ಎಸ್ಕೇಪ್ ಒತ್ತಿ ಜೆ ಕೀಲಿಯನ್ನು ಮುಟ್ಟಿದರೆ ಸಂಪಾದಕಕ್ಕೆ ತಲುಪುವುದು ‘ಜ’, ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ವಿನ್ಯಾಸದಲ್ಲಾದರೆ ‘ರ’. ಎರಡೂ ಅದಕ್ಕೆ ಅರ್ಥವಾಗದ ಆಜ್ಞೆಗಳಾದ್ದರಿಂದ ಕರ್ಸರ್ ಇದ್ದಲ್ಲಿಯೇ ಇರುತ್ತದೆ. ವಿಮ್‌ನ ಲ್ಯಾಂಗ್‌ಮ್ಯಾಪ್ ಎಂಬ ಸೌಲಭ್ಯದಿಂದ ಕನ್ನಡ ಅಕ್ಷರಗಳನ್ನು ಇಂಗ್ಲಿಷ್ ಆಜ್ಞೆಗಳಿಗೆ ಜೋಡಿಸಬಹುದು, ನಿಜ. ಆದರೆ ಒಂದೊಂದು ಕೀಲಿಗೂ ಹೊಂದಿಕೆ ಬರೆದು, ವಿನ್ಯಾಸ ಬದಲಾದರೆ ಮತ್ತೆ ತಿದ್ದುವ ತಾಳ್ಮೆ ನನಗಿಲ್ಲ. ಬಾಣದ ಕೀಲಿಗಳಿಗೆ ಈ ತೊಡಕೇ ಇಲ್ಲ, ಏಕೆಂದರೆ ಅವು ಯಾವ ಲಿಪಿಯ ಅಕ್ಷರವೂ ಅಲ್ಲ. ಕೈಯನ್ನು ಕೀಲಿಮಣೆಯ ಮಧ್ಯದ ಸಾಲಿನಿಂದ ಎತ್ತಬೇಕೆಂಬ ಆಕ್ಷೇಪವನ್ನು ನಾನು ಒಪ್ಪುತ್ತೇನೆ, ಆದರೂ ಪ್ರತಿ ಸಾಲಿಗೂ ಭಾಷೆ ಬದಲಿಸುವುದಕ್ಕಿಂತ ಅದು ಕಡಿಮೆ ಶ್ರಮದ ಕೆಲಸ.

ಬಾಣ ಒತ್ತಿದಾಗ ಕರ್ಸರ್ ಎಷ್ಟು ದೂರ ಸರಿಯಬೇಕು ಎಂಬ ವಿಷಯದಲ್ಲಿ ಮಾತ್ರ ನಾನು ಬಹಳ ಹಟಮಾರಿ. ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ ‘ಸ್ತ್ರೀ’ ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಯೂನಿಕೋಡ್ ಪದ್ಧತಿಯಲ್ಲಿ 6 ಸಂಕೇತಗಳ ಸರಣಿ: ಸ, ವಿರಾಮ (ಅಕ್ಷರದ ಸ್ವರ ತೆಗೆಯುವ ‘್’ ಚಿಹ್ನೆ), ತ, ವಿರಾಮ, ರ, ಈಕಾರದ ಚಿಹ್ನೆ. ಸಂಕೇತಕ್ಕೊಂದರಂತೆ ನಿಲ್ಲುವ ಸಂಪಾದಕದಲ್ಲಿ ಬಲಬಾಣವನ್ನು ಹಲವು ಬಾರಿ ಒತ್ತಿದರೂ ಕರ್ಸರ್ ಕದಲಿದಂತೆ ತೋರುವುದಿಲ್ಲ, ಮಧ್ಯದಲ್ಲೆಲ್ಲೋ ನಿಂತಿರುವಾಗ ಬೇರೆ ಅಕ್ಷರ ಸೇರಿಸಿದರೆ ಒತ್ತಕ್ಷರವೇ ಒಡೆದುಹೋಗುತ್ತದೆ. ಆದ್ದರಿಂದ ಬಾಣವು ಇಡೀ ಅಕ್ಷರವನ್ನು ಒಂದೇ ನೆಗೆತಕ್ಕೆ ದಾಟಬೇಕು. ಬ್ಯಾಕ್‌ಸ್ಪೇಸ್‌ಗೆ ನಾನು ಬಯಸುವುದು ಇದರ ವಿರುದ್ಧ: ಅದು ಕೊನೆಯ ಸಂಕೇತವನ್ನಷ್ಟೇ ಅಳಿಸಬೇಕು, ಏಕೆಂದರೆ ಟೈಪ್ ಮಾಡುವಾಗ ತಪ್ಪುವುದು ಹೆಚ್ಚಾಗಿ ಕೊನೆಯ ಗುಣಿತ ಚಿಹ್ನೆ, ಅದಕ್ಕಾಗಿ ‘ಸ್ತ್ರೀ’ಯನ್ನು ಮೊದಲಿನಿಂದ ಬರೆಯುವುದು ದಂಡ.

ಪದದಿಂದ ಪದಕ್ಕೆ ಹೋಗಲು ಕಂಟ್ರೋಲ್ ಜೊತೆ ಬಾಣ, ಸಾಲಿನ ಎರಡು ತುದಿಗಳಿಗೆ ಹೋಂ ಮತ್ತು ಎಂಡ್, ಇವಿಷ್ಟಿದ್ದರೆ ಸಾಕು. ಕೀಲಿಮಣೆ ಕೊಳ್ಳುವಾಗಲೂ ನಾನು ಮೊದಲು ನೋಡುವುದು ಬಾಣಗಳ ಜಾಗವನ್ನು. ಮೇಲಿನ ಮತ್ತು ಕೆಳಗಿನ ಬಾಣಗಳನ್ನು ಒಂದೇ ಕೀಲಿಯ ಅಗಲದಲ್ಲಿ ಅರ್ಧರ್ಧವಾಗಿ ತುರುಕಿರುವ ಲ್ಯಾಪ್‌ಟಾಪ್‌ಗಳನ್ನು ಬೆಲೆ ಕೇಳದೆಯೇ ಬಿಟ್ಟುಬಿಡುತ್ತೇನೆ.