ಗದುಗಿಗೆ ಹೋಗುವವರು ಒಂದು ರಾತ್ರಿಯಾದರೂ ಉಳಿಯಿರಿ

ಹುಬ್ಬಳ್ಳಿಯಿಂದ ಗದಗ ಸುಮಾರು 58 ಕಿಲೋಮೀಟರ್. ಅದಕ್ಕೇ ನಮ್ಮ ಕಡೆ ಯಾರೂ ಅದನ್ನು ಪ್ರವಾಸ ಅನ್ನುವುದಿಲ್ಲ. ಮದುವೆಗೆ ಹೋಗಿ ಬರುತ್ತೇವೆ. ದೂರದಿಂದ ನೆಂಟರು ಬಂದರೆ ಕಾರಿನಲ್ಲಿ ಕೂರಿಸಿಕೊಂಡು ಲಕ್ಕುಂಡಿ ತೋರಿಸಿ, ಬರುವಾಗ ಗದಗಿನ ಗುಡಿಗೆ ಕೈಮುಗಿದು ಸಂಜೆಯೊಳಗೆ ಮನೆ ಸೇರುತ್ತೇವೆ. ನಾನೂ ಹಾಗೇ ಎಷ್ಟೋ ಸಲ ಹೋಗಿದ್ದೆ, ಯಾವಾಗಲೂ ಮಟಮಟ ಮಧ್ಯಾಹ್ನ. ಕಳೆದ ಡಿಸೆಂಬರಿನಲ್ಲಿ ಅವ್ವನ ಜೊತೆ ಹೋಗಿ ಎರಡು ರಾತ್ರಿ ಉಳಿದೆ. ಅಲ್ಲಿನ ಗುಡಿಗಳನ್ನು ಬೆಳಗಿನ ಜಾವ ನೋಡಬೇಕು, ಊರನ್ನು ಸಂಜೆ ನೋಡಬೇಕು. ಅದು ಉಳಿದುಕೊಂಡರೆ ಮಾತ್ರ ಆಗುತ್ತದೆ.

ನಾವು ಹೋದದ್ದು ರೈಲಿನಲ್ಲಿ. ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ ಹಿಡಿಯಿತು. ಬಸ್ಸುಗಳಿಗೇನೂ ಕೊರತೆ ಇಲ್ಲ, ಆದರೆ ಮಂಡಿನೋವು ಇರುವವರಿಗೆ ರೈಲೇ ಸುಖ. ಎರಡೂ ಕಡೆ ಎರಿ ಹೊಲ. ಡಿಸೆಂಬರಿನಲ್ಲಿ ಹಿಂಗಾರಿ ಜೋಳ ನಿಂತಿರುತ್ತದೆ, ಕಡಲೆ ಹೊಲ ಹಸಿರಾಗಿರುತ್ತದೆ, ಅಲ್ಲಲ್ಲಿ ಹತ್ತಿ ಬಿಡಿಸುವ ಹೆಣ್ಣುಮಕ್ಕಳು ಕಾಣುತ್ತಾರೆ. ಈ ಕರಿ ಮಣ್ಣನ್ನು ನೋಡಿಕೊಂಡೇ ಗದಗಿಗೆ ಹೋಗಬೇಕು. ಅಲ್ಲಿ ಇಷ್ಟೊಂದು ಗುಡಿ ಎದ್ದದ್ದು ಈ ಮಣ್ಣಿನ ಬೆಳೆಯಿಂದಲೇ.

ಮೊದಲೇ ಹೇಳಿಬಿಡುತ್ತೇನೆ, ರೂಮಿನ ವಿಷಯದಲ್ಲಿ ನಮಗೆ ತೊಂದರೆ ಆಯಿತು. ಫೋನಿನಲ್ಲೇ ಬುಕ್ ಮಾಡಿದ್ದ ಲಾಡ್ಜಿಗೆ ಹೋದರೆ ಲಿಫ್ಟ್ ಕೆಟ್ಟಿತ್ತು, ಕೊಟ್ಟದ್ದು ಮೂರನೇ ಮಹಡಿ. ಅವ್ವ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅರ್ಧ ಗಂಟೆ ಮಾತಾಡಿದ ಮೇಲೆ ಕೆಳಗಿನ ರೂಮು ಸಿಕ್ಕಿತು. ವಯಸ್ಸಾದವರ ಜೊತೆ ಹೋಗುವವರು ಹಿಂದಿನ ದಿನವೇ ಫೋನ್ ಮಾಡಿ ಕೆಳ ಮಹಡಿ ಬೇಕು ಅಂತ ಗಟ್ಟಿಯಾಗಿ ಹೇಳಿ. ಬುಕಿಂಗ್‌ನಲ್ಲಿ ಬರೆದದ್ದನ್ನು ನಂಬಿ ಕೂರಬೇಡಿ.

ಮರುದಿನ ಬೆಳಗ್ಗೆ ಏಳಕ್ಕೆ ವೀರನಾರಾಯಣ ಗುಡಿಯಲ್ಲಿದ್ದೆವು. ಹೊಯ್ಸಳ ವಿಷ್ಣುವರ್ಧನ ಕಟ್ಟಿಸಿದ ಐದು ನಾರಾಯಣ ಗುಡಿಗಳಲ್ಲಿ ಇದೊಂದು ಅನ್ನುತ್ತಾರೆ. ಬೇಲೂರು, ತಲಕಾಡು, ಮೇಲುಕೋಟೆ, ತೊಣ್ಣೂರು ಉಳಿದ ನಾಲ್ಕು. ಬಾಗಿಲ ಗೋಪುರ ಆಮೇಲಿನ ವಿಜಯನಗರ ಕಾಲದ ಮಾದರಿ. ಒಳಗಿನ ದೇವರು ಕಪ್ಪು ಕಲ್ಲಿನವನು. ಧೋತರವನ್ನು ವೀರಗಚ್ಚೆ ಹಾಕಿ ಉಟ್ಟಿದ್ದಾನೆ, ಯುದ್ಧಕ್ಕೆ ಹೊರಟವನ ಹಾಗೆ. ಅಲಂಕಾರ ಆದ ಮೇಲೆ ಹೋದರೆ ಇದು ಕಾಣುವುದಿಲ್ಲ. ಅಭಿಷೇಕದ ಹೊತ್ತಿಗೇ ಹೋಗಿ. ಅರ್ಚಕರು ಆರತಿ ತಟ್ಟೆಯನ್ನು ಕೆಳಗೆ ಹಿಡಿದು, 'ಇಲ್ಲಿ ನೋಡ್ರಿ ಅವ್ವಾರ, ಕಚ್ಚಿ' ಅಂತ ಅವ್ವನಿಗೆ ತೋರಿಸಿದರು. ಕಲ್ಲಿನಲ್ಲಿ ಆ ಬಟ್ಟೆಯ ಮಡಿಕೆಗಳನ್ನು ಎಣಿಸಬಹುದು.

ಆದರೆ ಅವ್ವ ಬಂದದ್ದು ಒಂದು ಕಂಬಕ್ಕಾಗಿ. ಹುಬ್ಬಳ್ಳಿ ಹತ್ತಿರದ ಕೋಳಿವಾಡದ ನಾರಣಪ್ಪ, ಅಂದರೆ ನಮ್ಮ ಕುಮಾರವ್ಯಾಸ, ಇದೇ ಗುಡಿಯಲ್ಲಿ ಒಂದು ಕಂಬಕ್ಕೆ ಒರಗಿ ಕೂತು ಭಾರತ ಬರೆದ ಅನ್ನುವುದು ಊರಿನ ನಂಬಿಕೆ. ತೀರ್ಥದಲ್ಲಿ ಮಿಂದು ಒದ್ದೆ ಬಟ್ಟೆಯಲ್ಲೇ ಬಂದು ಕೂರುತ್ತಿದ್ದನಂತೆ. ಮೈಮೇಲಿನ ಬಟ್ಟೆ ಆರುವ ತನಕ ಪದ್ಯ ಬರುತ್ತಿತ್ತಂತೆ, ಆರಿದ ಕೂಡಲೇ ನಿಲ್ಲುತ್ತಿತ್ತಂತೆ. ಹತ್ತು ಪರ್ವ, ಎಲ್ಲವೂ ಭಾಮಿನಿ ಷಟ್ಪದಿ. ಕವಿ ವೀರನಾರಾಯಣ, ನಾನು ಬರೀ ಬರೆದುಕೊಳ್ಳುವವನು ಅಂತ ಅವನೇ ಹೇಳಿಕೊಂಡಿದ್ದಾನೆ.

ನಮ್ಮ ಅವ್ವ ಓದಿದ್ದು ನಾಲ್ಕನೇ ಇಯತ್ತೆ. ಆದರೆ ಚಿಕ್ಕವಳಿದ್ದಾಗ ಶ್ರಾವಣದಲ್ಲಿ ಊರ ಗುಡಿಯಲ್ಲಿ ಭಾರತ ಓದಿಸುತ್ತಿದ್ದರು. ಕೇಳಿ ಕೇಳಿಯೇ ಎಷ್ಟೋ ಪದ್ಯ ಬಾಯಿಗೆ ಬಂದಿವೆ. ಕಂಬದ ಹತ್ತಿರ ಕೂತು, ಅಂಗೈಯನ್ನು ಕಲ್ಲಿನ ಮೇಲಿಟ್ಟು, ಕಣ್ಣು ಮುಚ್ಚಿ ಸಣ್ಣ ದನಿಯಲ್ಲಿ ಶುರು ಮಾಡಿದಳು. ಎರಡು ಪದ್ಯ ಆಯಿತು, ಮೂರನೆಯದರಲ್ಲಿ ತಡೆಯಿತು. ಪಕ್ಕದಲ್ಲಿ ಪ್ರದಕ್ಷಿಣೆ ಹಾಕುತ್ತಿದ್ದ ಅಜ್ಜ ಒಬ್ಬರು ನಿಂತು ಮುಂದಿನ ಸಾಲು ಎತ್ತಿಕೊಟ್ಟರು. ಆಮೇಲೆ ಇಬ್ಬರೂ ಸೇರಿ ಮುಗಿಸಿದರು. ಅಜ್ಜ ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ, 'ಆತು ಬಿಡ್ರಿ' ಅಂದು ಪ್ರದಕ್ಷಿಣೆ ಮುಂದುವರಿಸಿದರು. ಬೆಳಗಿನ ಹೊತ್ತು ಹೋಗಿ ಅಂತ ನಾನು ಇಷ್ಟು ಒತ್ತಿ ಹೇಳುವುದು ಇದಕ್ಕೇ. ಹತ್ತು ಗಂಟೆಯ ನಂತರ ಅಲ್ಲಿ ಫೋಟೋ ತೆಗೆಯುವವರ ಸಾಲು ಇರುತ್ತದೆ, ಕೂರಲು ಸಮಾಧಾನ ಸಿಗುವುದಿಲ್ಲ.

ಅಲ್ಲಿಂದ ತ್ರಿಕೂಟೇಶ್ವರ ಗುಡಿ ದೂರವಿಲ್ಲ. ಕಾಲು ಗಟ್ಟಿ ಇದ್ದವರು ನಡೆದೇ ಹೋಗಬಹುದು, ನಾವು ಆಟೋ ಹಿಡಿದೆವು. ಒಂದೇ ಪೀಠದ ಮೇಲೆ ಮೂರು ಲಿಂಗ, ಬ್ರಹ್ಮ ವಿಷ್ಣು ಮಹೇಶ್ವರ ಅಂತ ಪೂಜೆ. ಗುಡಿ ಕಲ್ಯಾಣ ಚಾಲುಕ್ಯರ ಕಾಲದ್ದು. ಶಾಸನಗಳಲ್ಲಿ ಊರಿನ ಹೆಸರು ಕ್ರತುಕ. ಅದೇ ಸವೆದು ಗದುಗು ಆಗಿದೆ.

ಇಲ್ಲಿ ಒಂದು ಶಾಸನದ ವಿಷಯ ತಿಳಿದುಕೊಂಡು ಹೋದರೆ ನೋಡುವ ಕಣ್ಣೇ ಬೇರೆಯಾಗುತ್ತದೆ. ಹೊಯ್ಸಳ ವೀರಬಲ್ಲಾಳ 1192ರಲ್ಲಿ ಲಕ್ಕುಂಡಿಯ ಬೀಡಿನಲ್ಲಿದ್ದಾಗ ಈ ಗುಡಿಗೆ ಹೊಂಬಾಳಲು ಅನ್ನುವ ಇಡೀ ಊರನ್ನು ದತ್ತಿ ಬಿಟ್ಟ. ತೆಗೆದುಕೊಂಡವರು ಗುಡಿಯ ಆಚಾರ್ಯ, ಕಾಳಾಮುಖ ಅನ್ನುವ ಶೈವ ಪಂಥದ ಸಿದ್ಧಾಂತಿ ಚಂದ್ರಭೂಷಣ ಪಂಡಿತರು. ಊರು ದತ್ತಿ ಅಂದರೆ ಆ ಊರಿನ ಹೊಲದ ಹುಟ್ಟುವಳಿ ಗುಡಿಗೆ. ಆಗಿನ ಗುಡಿಗಳಲ್ಲಿ ಪೂಜೆ, ದುರಸ್ತಿ, ತಪಸ್ವಿಗಳ ಊಟ, ಹುಡುಗರ ಪಾಠ ಎಲ್ಲ ನಡೆಯುತ್ತಿದ್ದದ್ದು ಇಂಥ ದತ್ತಿಗಳಿಂದಲೇ. ರೈಲಿನ ಕಿಟಕಿಯಲ್ಲಿ ಕಂಡ ಹೊಲಗಳು ನನಗೆ ಮತ್ತೆ ನೆನಪಾದವು.

ಆವರಣದಲ್ಲೇ ಸರಸ್ವತಿ ಗುಡಿ ಇದೆ. ಮೂರ್ತಿಗೆ ಪೆಟ್ಟು ಬಿದ್ದಿದೆ, ಆದರೆ ಕಂಬಗಳನ್ನು ನೋಡಲೇಬೇಕು. ಒಂದರ ಹಾಗೆ ಇನ್ನೊಂದಿಲ್ಲ. ಬೆರಳು ತೂರದ ಸಂದಿನಲ್ಲೂ ಕೆತ್ತನೆ. ಬಿಸಿಲು ಓರೆಯಾಗಿ ಬೀಳುವಾಗ ನೋಡಿ, ಅಂದರೆ ಒಂಬತ್ತರ ಒಳಗೆ.

ಹತ್ತು ಗಂಟೆಗೆ ವೀರೇಶ್ವರ ಪುಣ್ಯಾಶ್ರಮ. ಕಣ್ಣು ಕಾಣದ ಮಕ್ಕಳಿಗೆ, ಬಡ ಮಕ್ಕಳಿಗೆ ಊಟ ವಸತಿ ಕೊಟ್ಟು ಸಂಗೀತ ಕಲಿಸುವ ಜಾಗ ಇದು. ಕಟ್ಟಿದ ಪಂಚಾಕ್ಷರಿ ಗವಾಯಿಗಳಿಗೂ ಕಣ್ಣಿರಲಿಲ್ಲ, ಅವರ ನಂತರ 2010ರಲ್ಲಿ ತೀರಿಕೊಳ್ಳುವ ತನಕ ನಡೆಸಿದ ಪುಟ್ಟರಾಜ ಗವಾಯಿಗಳಿಗೂ ಕಣ್ಣಿರಲಿಲ್ಲ. ಬಸವರಾಜ ರಾಜಗುರು ಪಂಚಾಕ್ಷರಿ ಗವಾಯಿಗಳ ಹತ್ತಿರ ಕಲಿತವರು. ಮಕ್ಕಳ ಊಟಕ್ಕೆ ದುಡ್ಡು ಸಾಲದಾದಾಗ ನಾಟಕ ಕಂಪನಿ ಕಟ್ಟಿ ಊರೂರು ತಿರುಗಿ ದುಡಿದು ತಂದವರು ಈ ಗವಾಯಿಗಳು. ಇಬ್ಬರ ಗದ್ದುಗೆಯೂ ಇಲ್ಲೇ.

ಒಂದು ಕೋಣೆಯಲ್ಲಿ ತಬಲಾ, ಇನ್ನೊಂದರಲ್ಲಿ ಹಾರ್ಮೋನಿಯಂ, ವರಾಂಡದಲ್ಲಿ ಯಾರೋ ಸ್ವರ ಹಿಡಿದಿದ್ದಾರೆ. ಹತ್ತು ವರ್ಷದ ಹುಡುಗನೊಬ್ಬ ಒಂದೇ ಬೋಲನ್ನು ಮತ್ತೆ ಮತ್ತೆ ಬಾರಿಸುತ್ತಿದ್ದ. ತಪ್ಪಿದಾಗಲೆಲ್ಲ ನಿಲ್ಲಿಸಿ, ಎಡಗೈಯಿಂದ ತಬಲಾದ ಅಂಚು ಸವರಿ, ಕೈ ಸರಿ ಮಾಡಿಕೊಂಡು ಮೊದಲಿನಿಂದ ಶುರು. ನಾವು ಅಲ್ಲಿದ್ದಷ್ಟು ಹೊತ್ತೂ ಅವನು ಬೇಸರ ಮಾಡಿಕೊಳ್ಳಲಿಲ್ಲ. ದಯವಿಟ್ಟು ಈ ಮಕ್ಕಳ ಪಾಠದ ಮಧ್ಯೆ ಹೋಗಿ ಸೆಲ್ಫಿ ತೆಗೆಯಬೇಡಿ. ದುಡ್ಡು ಕೊಡುವವರು ಕೊಟ್ಟು ರಸೀದಿ ತೆಗೆದುಕೊಳ್ಳಿ. ರೈತರು ಜೋಳದ ಚೀಲ ತಂದು ಇಳಿಸುವುದನ್ನು ನಾನು ಕಂಡೆ. ಬಲ್ಲಾಳನ ಕಾಲದ ದತ್ತಿ ಈಗ ಹೀಗೆ ನಡೆಯುತ್ತಿದೆ, ಅಲ್ವಾ?

ತೋಂಟದಾರ್ಯ ಮಠಕ್ಕೂ ಹೋದೆವು. ಇಲ್ಲಿ ಪುಸ್ತಕ ಪ್ರಕಟಣೆಯೇ ದೊಡ್ಡ ಸೇವೆ, ವಚನ ಸಾಹಿತ್ಯ ಕಡಿಮೆ ಬೆಲೆಗೆ ಸಿಗುತ್ತದೆ. ಗದಗ ಅಂದರೆ ಮೊದಲಿನಿಂದಲೂ ಮುದ್ರಣದ ಊರು. ಹೊಂಬಾಳಿ, ಶಾಬಾದಿಮಠ ಅನ್ನುವ ಹೆಸರುಗಳನ್ನು ನಮ್ಮ ಹಿರಿಯರು ಪಠ್ಯಪುಸ್ತಕದ ಮೇಲೆ, ನಾಟಕದ ಪುಸ್ತಕದ ಮೇಲೆ ನೋಡಿಯೇ ಬೆಳೆದವರು.

ಸಂಜೆ ಬೆಟಗೇರಿ. ಗದಗಿನ ಜೋಡಿ ಊರು, ನೇಕಾರರ ಊರು. ಓಣಿಯೊಳಗೆ ಹೋದರೆ ಮಗ್ಗದ ಸದ್ದು ಕೇಳುತ್ತದೆ. ಈಗ ಪವರ್‌ಲೂಮ್ ಜಾಸ್ತಿ, ಕೈಮಗ್ಗ ಹುಡುಕಬೇಕು. ಒಂದು ಮನೆಯಲ್ಲಿ ಕುಣಿಮಗ್ಗ ಇತ್ತು. ಕಾಲು ಕುಣಿಯೊಳಗೆ ಇಳಿಬಿಟ್ಟು ಕೂತ ಹೆಣ್ಣುಮಗಳು ಲಾಳಿ ಎಸೆಯುತ್ತಲೇ ನಮ್ಮ ಜೊತೆ ಮಾತಾಡಿದಳು. ಒಂದು ಎಳೆ ಹರಿಯಿತು. ಮಾತು ನಿಲ್ಲಿಸಲಿಲ್ಲ, ಎರಡು ಬೆರಳಲ್ಲಿ ಗಂಟು ಹಾಕಿ ಮುಂದೆ ಹೋದಳು. ಆ ಗಂಟು ಎಲ್ಲಿದೆ ಅಂತ ಆಮೇಲೆ ಹುಡುಕಿದರೂ ನನಗೆ ಕಾಣಲಿಲ್ಲ. ಸೀರೆ ತೆಗೆದುಕೊಳ್ಳುವುದಿದ್ದರೆ ನೇಕಾರರ ಮನೆಯಲ್ಲೇ ತೆಗೆದುಕೊಳ್ಳಿ, ಚೌಕಾಸಿ ಮಾಡಬೇಡಿ. ಅವರು ಹೇಳುವ ಬೆಲೆಯಲ್ಲಿ ಕೂಲಿಯೇ ಸರಿಯಾಗಿ ಹುಟ್ಟುವುದಿಲ್ಲ.

ಊಟಕ್ಕೆ ಖಾನಾವಳಿ ಬಿಟ್ಟು ಬೇರೆ ಯೋಚನೆ ಬೇಡ. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಕಾಳುಪಲ್ಲೆ, ಶೇಂಗಾ ಹಿಂಡಿ, ಮೊಸರು, ಉಳ್ಳಾಗಡ್ಡಿ. ಮಾಂಸ ತಿನ್ನುವವರಿಗೆ ಸಾವಜಿ ಊಟ ಇದ್ದೇ ಇದೆ, ಖಾರ ತಡೆಯುವ ಶಕ್ತಿ ಇರಬೇಕು. ಸಂಜೆ ಗಿರಮಿಟ್ಟು, ಮಿರ್ಚಿ.

ಮೂರನೇ ದಿನ ಲಕ್ಕುಂಡಿ. ಗದಗಿನಿಂದ ಸುಮಾರು 12 ಕಿಲೋಮೀಟರ್, ಕೊಪ್ಪಳದ ರಸ್ತೆಯಲ್ಲಿ. ಬಸ್ಸು ಬೇಕಾದಷ್ಟು ಇವೆ. ಆದರೆ ಗುಡಿಗಳು ಊರ ತುಂಬ ಚದುರಿವೆ, ಮನೆಗಳ ನಡುವೆ, ಓಣಿಯ ಕೊನೆಗೆ. ವಯಸ್ಸಾದವರಿದ್ದರೆ ಗದಗಿನಿಂದಲೇ ಆಟೋ ಮಾತಾಡಿಕೊಂಡು ಹೋಗಿ. ಕಾಯುವುದೂ ಸೇರಿ ಇಷ್ಟು ಅಂತ ಮೊದಲೇ ತೀರ್ಮಾನ ಮಾಡಿಕೊಳ್ಳಿ.

ಶಾಸನಗಳ ಲೊಕ್ಕಿಗುಂಡಿ ಇದು. ಇಲ್ಲಿ ಟಂಕಸಾಲೆ ಇತ್ತು, ಇಲ್ಲಿನ ನಾಣ್ಯಕ್ಕೆ ಲೊಕ್ಕಿ ಗದ್ಯಾಣ ಅಂತಲೇ ಹೆಸರು. 101 ಗುಡಿ, 101 ಬಾವಿ ಅಂತ ಊರಿನವರು ಹೇಳುತ್ತಾರೆ. ಸಮಯ ಕಡಿಮೆ ಇದ್ದರೆ ಮೂರು ಕಡೆ ಹೋಗಿ. ಕಾಶಿವಿಶ್ವೇಶ್ವರ ಗುಡಿಯಲ್ಲಿ ಶಿವನ ಗುಡಿಗೆ ಎದುರಾಗಿ ಸೂರ್ಯನ ಗುಡಿ ಇದೆ. ಅದರ ಬಾಗಿಲವಾಡದ ಪಟ್ಟಿಗಳನ್ನು ಒಂದೊಂದಾಗಿ ನೋಡಿ, ಅವಸರ ಮಾಡಬೇಡಿ. ಎರಡನೆಯದು ಮಾಣಿಕೇಶ್ವರ ಗುಡಿಯ ಮುಸುಕಿನ ಬಾವಿ. ಮೆಟ್ಟಿಲುಗಳ ನಡುವೆ ಪುಟ್ಟ ಪುಟ್ಟ ಗುಡಿಗಳಿವೆ. ಮೆಟ್ಟಿಲು ಕಡಿದಾಗಿವೆ, ಮಕ್ಕಳ ಕೈ ಬಿಡಬೇಡಿ.

ಮೂರನೆಯದು ಬ್ರಹ್ಮ ಜಿನಾಲಯ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ್ದು. ಗಂಡ ಯುದ್ಧದಲ್ಲಿ ಸತ್ತ ಮೇಲೆ ಉಳಿದ ಬಾಳನ್ನೆಲ್ಲ ದಾನಕ್ಕೇ ಇಟ್ಟವಳು ಅವಳು. ಪೊನ್ನನ ಶಾಂತಿಪುರಾಣ ಕಳೆದುಹೋಗಬಾರದು ಅಂತ 1000 ಪ್ರತಿ ಬರೆಸಿ ಹಂಚಿದಳು. ರನ್ನನಿಗೆ ಆಶ್ರಯ ಕೊಟ್ಟು ಅಜಿತಪುರಾಣ ಬರೆಸಿದಳು. ಅವ್ವನಿಗೆ ಇದನ್ನು ಹೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಇದ್ದು, 'ಸಾವಿರ ಪ್ರತಿ ಕೈಲೆ ಬರದ್ರೇನು? ಎಷ್ಟ್ ಮಂದಿ ಕುಂತಿದ್ರೋ ಬರಿಯಾಕ' ಅಂದಳು. ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಅಷ್ಟು ತಾಳೆಗರಿ ಹೊಂದಿಸಿದವರು, ಬರೆಯುವ ಕಬ್ಬಿಣದ ಕಡ್ಡಿ ಹಿಡಿದು ಕೊರೆದವರು, ಅವರಿಗೆ ಊಟ ಹಾಕಿದವರು ಎಷ್ಟು ಜನ ಇದ್ದಿರಬೇಕು.

ನಾವು ಹೋದದ್ದು ಶುಕ್ರವಾರ. ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯಗಳಿಗೆ ಶುಕ್ರವಾರ ರಜೆ ಇರುತ್ತದೆ ಅನ್ನುವುದು ನನಗೆ ಹೊಳೆಯಲೇ ಇಲ್ಲ, ಶಿಲ್ಪಗಳನ್ನು ಜೋಡಿಸಿಟ್ಟಿದ್ದನ್ನು ನೋಡದೆ ಬಂದೆವು. ನೀವು ಬೇರೆ ದಿನ ಇಟ್ಟುಕೊಳ್ಳಿ. ನೀರು ಜೊತೆಗಿರಲಿ. ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಏಪ್ರಿಲ್ ಮೇ ತಿಂಗಳಲ್ಲಿ ಬರಿಗಾಲು ಕಲ್ಲಿನ ಮೇಲೆ ಇಡಲು ಆಗುವುದಿಲ್ಲ, ಹೋಗಲೇಬೇಕಾದರೆ ದಪ್ಪ ಕಾಲುಚೀಲ ಹಾಕಿಕೊಳ್ಳಿ.

ಇನ್ನೊಂದು ದಿನ ಕೈಯಲ್ಲಿದ್ದವರು ಡಂಬಳಕ್ಕೆ ಹೋಗಬಹುದು. ಅಲ್ಲಿನ ದೊಡ್ಡಬಸಪ್ಪ ಗುಡಿಯ ತಳಪಾಯ 24 ಮೂಲೆಯ ನಕ್ಷತ್ರದ ಆಕಾರದ್ದು. ಅವ್ವನ ಕಾಲು ನೋಡಿ ನಾವು ಬಿಟ್ಟೆವು.

ವಾಪಸ್ ಬರುವಾಗ ರೈಲು ಅಣ್ಣಿಗೇರಿಯಲ್ಲಿ ನಿಂತಿತು. ಅವ್ವ ಕಿಟಕಿಯಿಂದಲೇ ಊರ ಕಡೆ ಕೈಮುಗಿದಳು. ಪಂಪನ ಊರು ಅದು. ಅಮೃತೇಶ್ವರ ಗುಡಿ ಇದೆ, ಚಾಲುಕ್ಯರ ಕಾಲದ್ದು, 76 ಕಂಬ. ಕಾರಿನಲ್ಲಿ ಹೋಗುವವರು ಹೋಗುವಾಗಲೇ ಅಲ್ಲಿ ಒಂದು ಗಂಟೆ ನಿಲ್ಲಿ, ಬರುವಾಗ ನೋಡೋಣ ಅಂದುಕೊಂಡರೆ ಕತ್ತಲಾಗಿರುತ್ತದೆ.