ಲೇಸರ್ ಆದ ಮೊಣಕಾಲಿನ ಸ್ಕ್ಯಾನ್ ಓದುವಾಗ

ನನ್ನ ಕೆಲಸ ಎಂಆರ್‌ಐ ಓದಿ ರಿಪೋರ್ಟ್ ಬರೆಯುವುದು. ಆಪರೇಷನ್ ಆದ ಮೇಲೂ ಮೊಣಕಾಲು ನೋವು ಅಂತ ಯಾರಾದರೂ ಬಂದರೆ ನಾನು ಮೊದಲು ಕೇಳುವುದು ಹಳೆಯ ಆಪರೇಷನ್ ನೋಟ್. ಒಳಗೆ ಬಳಸಿದ್ದು ಬ್ಲೇಡಾ, ತಿರುಗುತ್ತಾ ಕೆರೆದು ತೆಗೆಯುವ ಶೇವರಾ, ಲೇಸರಾ?

1990ರ ದಶಕದಲ್ಲಿ ಹೋಲ್ಮಿಯಂ ಲೇಸರ್‌ಗೆ ಆರ್ಥ್ರೋಸ್ಕೋಪಿಯಲ್ಲಿ, ಅಂದರೆ ಸಣ್ಣ ತೂತಿನಿಂದ ಕ್ಯಾಮೆರಾ ತೂರಿಸಿ ಮಾಡುವ ಕೀಲಿನ ಆಪರೇಷನ್ನಿನಲ್ಲಿ, ಒಳ್ಳೆಯ ಹೆಸರಿತ್ತು. ಸುಮ್ನೆ ಬಂದ ಹೆಸರಲ್ಲ. ಕಾರ್ಬನ್ ಡೈಆಕ್ಸೈಡ್ ಲೇಸರ್ ಬಳಸಬೇಕಾದರೆ ಕೀಲಿಗೆ ಗ್ಯಾಸ್ ತುಂಬಬೇಕಿತ್ತು. ಹೋಲ್ಮಿಯಂ ನೀರು ತುಂಬಿದ ಕೀಲಿನಲ್ಲೇ ಕೆಲಸ ಮಾಡುತ್ತದೆ, ಅದರ ತೆಳು ಫೈಬರ್ ಇಕ್ಕಟ್ಟಿನ ಮೂಲೆಗೂ ಹೋಗುತ್ತದೆ. ಅದರ ಬೆಳಕನ್ನು ನೀರೇ ಹೀರಿಕೊಳ್ಳುವುದರಿಂದ ಅದು ಸುಮಾರು ಅರ್ಧ ಮಿಲಿಮೀಟರ್ ಮಾತ್ರ ಒಳಗಿಳಿಯುತ್ತದೆ ಎಂಬ ಲೆಕ್ಕ.

ಲೆಕ್ಕವೇನೋ ಸರಿ. ಆದರೆ ಒಂದೇ ಜಾಗಕ್ಕೆ ಬೆಳಕಿನ ಪಲ್ಸ್ ಮೇಲೆ ಪಲ್ಸ್ ಬಿದ್ದರೆ ಬಿಸಿ ಕೂಡುತ್ತಾ ಹೋಗುತ್ತದೆ. ಪ್ರತಿ ಪಲ್ಸ್‌ಗೂ ಒಂದು ಆವಿಯ ಗುಳ್ಳೆ ಹುಟ್ಟಿ ಒಡೆಯುತ್ತದೆ, ಆ ಪೆಟ್ಟು ಬೇರೆ. 50 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೂಳೆಯ ತುದಿಗೆ ನುಣುಪಾದ ಹೊದಿಕೆಯಂತಿರುವ ಕಾರ್ಟಿಲೇಜಿನ ಕೋಶಗಳು ಸಾಯಲು ಶುರು. ಅದರಲ್ಲಿ ರಕ್ತನಾಳ ಇಲ್ಲ, ಸತ್ತದ್ದು ಮತ್ತೆ ತುಂಬಿಕೊಳ್ಳುವುದಿಲ್ಲ. ನರವೂ ಇಲ್ಲ, ಹಾಗಾಗಿ ತಕ್ಷಣ ನೋವೂ ಇಲ್ಲ. ಕ್ಯಾಮೆರಾದಲ್ಲಿ ಮಾತ್ರ ಮೇಲ್ಮೈ ನುಣ್ಣಗೆ, ಚೆಂದವಾಗಿ ಕಾಣುತ್ತದೆ. ಮೋಸ ಹೋಗುವುದೇ ಅಲ್ಲಿ.

ನನಗೆ ಕಾಣುವುದು ತಿಂಗಳುಗಳಾದ ಮೇಲೆ. ಕೊಬ್ಬಿನ ಸಿಗ್ನಲ್ ಅಡಗಿಸಿದ ಚಿತ್ರದಲ್ಲಿ ಆರೋಗ್ಯವಾದ ಮೂಳೆ ಕಪ್ಪಗಿರುತ್ತದೆ. ಲೇಸರ್ ಆದ ಮೇಲೆ ನೋವೆಂದು ಬಂದ ಇಂಥವರಲ್ಲಿ ತೊಡೆಮೂಳೆಯ ತುದಿಯಲ್ಲಿ, ಕಾರ್ಟಿಲೇಜಿನ ಕೆಳಗೇ, ಬೆಳ್ಳಗೆ ಹರಡಿದ ಕಲೆ, ಮೂಳೆಗೂ ತೊಂದರೆಯಾದ ಗುರುತು. ಕೆಲವೊಮ್ಮೆ ಅದರೊಳಗೆ ಒಂದು ತೆಳು ಕಪ್ಪು ಗೆರೆ. ಆ ಗೆರೆ ಕಂಡರೆ ಮೂಳೆ ಕುಸಿದಿದೆಯಾ ಅಂತ ಜಾಸ್ತಿ ಹೊತ್ತು ನೋಡುತ್ತೇನೆ.

ಹಾಗಂತ ರಿಪೋರ್ಟಿನಲ್ಲಿ 'ಲೇಸರ್‌ನಿಂದ ಆದದ್ದು' ಅಂತ ಬರೆದುಬಿಡುವುದಿಲ್ಲ. ಲೇಸರ್ ಮುಟ್ಟದ ಮೆನಿಸ್ಕಸ್ (ಮೊಣಕಾಲಿನ ಮೂಳೆಗಳ ನಡುವಿನ ಮೆತ್ತೆ) ಆಪರೇಷನ್ ನಂತರವೂ ಇದೇ ಚಿತ್ರ ಬಂದದ್ದುಂಟು. ಮೆನಿಸ್ಕಸ್ ಹೋದ ಮೇಲೆ ಮೂಳೆ ಮೇಲೆ ಭಾರ ಏರುತ್ತದೆ, ಅಲ್ವಾ? ಆಪರೇಷನ್ನಿಗೆ ಮೊದಲೇ ಶುರುವಾಗಿದ್ದ ತೊಂದರೆಯೂ ಇರಬಹುದು. ಅದಕ್ಕೇ ಹಳೆಯ ಸ್ಕ್ಯಾನ್ ಪಕ್ಕದಲ್ಲಿಟ್ಟು ನೋಡುತ್ತೇನೆ. ಆದರೆ ನೋವು ಶುರುವಾದ ಕೂಡಲೇ ತೆಗೆದ ಸ್ಕ್ಯಾನ್ ಕ್ಲೀನ್ ಆಗಿದ್ದರೆ ಅದನ್ನು ಪೂರ್ತಿ ನಂಬುವುದಿಲ್ಲ. ಆರಂಭದಲ್ಲಿ ಇದು ಕಾಣದೇ ಇರಬಹುದು.

ಈಗ ಮೊಣಕಾಲಿಗೆ ಲೇಸರ್ ಅಪರೂಪ, ವಿದ್ಯುತ್ತಿನಿಂದ ಕೆಲಸ ಮಾಡುವ ರೇಡಿಯೋಫ್ರೀಕ್ವೆನ್ಸಿ ಪ್ರೋಬ್ ಜಾಸ್ತಿ. ಬಿಸಿಯ ಕಾಟ ಅಲ್ಲೂ ಇದೆ. ನೋಟ್‌ನಲ್ಲಿ ಉಪಕರಣದ ಹೆಸರಷ್ಟೇ ಇದ್ದರೆ ಸರ್ಜನ್‌ಗೆ ಫೋನ್ ಮಾಡುತ್ತೇನೆ. ಯಾವ ಜಾಗಕ್ಕೆ, ಎಷ್ಟು ಪವರ್, ಎಷ್ಟು ಹೊತ್ತು, ನೀರಿನ ಹರಿವು ಹೇಗಿತ್ತು ಅಂತ ಕೇಳಿಯೇ ರಿಪೋರ್ಟ್‌ಗೆ ಸಹಿ ಹಾಕುತ್ತೇನೆ.